ಮೈಯ ಮಚ್ಚೆಯೂ ಮನದ ಮಚ್ಚೆಯೂ

'ಕಲೆ' ಎಂಬ ಶಬ್ದಕ್ಕೆ ನಮ್ಮ ಭಾಷೆಯಲ್ಲಿ ಎರಡು ಅರ್ಥಗಳಿವೆ. ಒಂದನ್ನು ಕಲಿಯುವುದಕ್ಕೆಂದು ನಾವು ಈ ಕಲಾ ಕಾಲೇಜಿಗೆ ಬರುತ್ತೇವೆ; ಇನ್ನೊಂದನ್ನು ಬಟ್ಟೆಯ ಮೇಲಾಗಲಿ ಮೈಯ ಮೇಲಾಗಲಿ ಕಂಡರೆ ಮುಖ ಸಿಂಡರಿಸುತ್ತೇವೆ. ನಾನು ಬರೆಯಹೊರಟಿರುವುದು ಈ ಎರಡನೆಯ ಕಲೆಯನ್ನು ಕುರಿತು. ಚರಿತ್ರೆ, ಅರ್ಥಶಾಸ್ತ್ರಗಳನ್ನು ಓದುವ ವಿದ್ಯಾರ್ಥಿಯೊಬ್ಬನು ಚರ್ಮರೋಗದ ವಿಷಯದಲ್ಲಿ ಬಾಯಿಹಾಕುವುದು ಅಧಿಕಪ್ರಸಂಗವೆಂದು ಕೆಲವು ಗುರುಹಿರಿಯರಿಗೆ ತೋರಬಹುದು. ಆದರೆ ನಾನು ಹೇಳಬೇಕಾಗಿರುವುದರಲ್ಲಿ ರೋಗದ ಮಾತು ಅರ್ಧ. ಆ ರೋಗವನ್ನು ನೋಡುವ ಕಣ್ಣುಗಳ ಮಾತು ಉಳಿದರ್ಧ. ಆ ಕಣ್ಣುಗಳಾದರೋ ನಮ್ಮೆಲ್ಲರಿಗೂ ಇವೆ.

ನಮ್ಮ ಮನೆ ಇರುವುದು ಕುದ್ರೋಳಿಯಲ್ಲಿ. ನನ್ನ ಅಕ್ಕ ಬಾಣಂತನಕ್ಕೆಂದು ತವರಿಗೆ ಬಂದವಳು ಗಂಡುಮಗುವನ್ನು ಹೆತ್ತಳು. ಮಗು ಗುಂಡುಗುಂಡಾಗಿ ಬೆಳೆಯಿತು. ಐದು ತಿಂಗಳಾಗುವಷ್ಟರಲ್ಲಿ ಅದರ ಬೆನ್ನಿನ ಮೇಲೆಯೂ ಹೊಟ್ಟೆಯ ಮೇಲೆಯೂ ಕಂದುಬಣ್ಣದ ಸಣ್ಣ ಸಣ್ಣ ಮಚ್ಚೆಗಳು ಕಾಣಿಸಿಕೊಂಡವು. ಮೊದಲು ಸೊಳ್ಳೆ ಕಚ್ಚಿದ್ದೆಂದು ತಿಳಿದೆವು. ಸೊಳ್ಳೆ ಕಚ್ಚಿದ ಗುರುತು ಎರಡು ದಿನದಲ್ಲಿ ಮಾಯವಾಗಬೇಕು, ಇವು ಮಾಯವಾಗಲಿಲ್ಲ. ತಿಂಗಳು ಕಳೆದಂತೆ ತೋಳು, ತೊಡೆಗಳಿಗೂ ಹಬ್ಬಿದವು. ನಮ್ಮ ಕಡೆಯ ಪದ್ಧತಿಯಂತೆ ಅಜ್ಜಿ ಮಗುವನ್ನು ಕಾಲಿನ ಮೇಲೆ ಮಲಗಿಸಿಕೊಂಡು, ತೆಂಗಿನೆಣ್ಣೆ ತಿಕ್ಕಿ, ಹಂಡೆಯ ಬಿಸಿಬಿಸಿ ನೀರು ಹೊಯ್ದು, ಬೈರಾಸಿನಿಂದ ಒರೆಸುವುದೇ ತಡ, ಆ ಮಚ್ಚೆಗಳೆಲ್ಲ ಒಮ್ಮೆಗೇ ಕೆಂಪೇರಿ ಉಬ್ಬಿ ನಿಲ್ಲುತ್ತಿದ್ದವು. ಮಗು ಕಿರುಚುತ್ತಿತ್ತು. ಅರ್ಧ ಗಂಟೆ, ಒಂದು ಗಂಟೆಯಾದ ಮೇಲೆ ಉಬ್ಬು ಇಳಿಯುತ್ತಿತ್ತು. ಕಂದು ಕಲೆ ಮಾತ್ರ ಅಲ್ಲಿಯೇ ಇರುತ್ತಿತ್ತು.

ಇನ್ನು ಊರವರ ವೈದ್ಯ ಆರಂಭವಾಯಿತು. 'ಎಂತ ಮಾರಾಯ್ತಿ, ಮಗುವಿನ ಮೈಯಲ್ಲಿ ಎಂತದು ಅದು? ಸಿಡುಬಾ?' ಎಂದು ಕೇಳಿದವರು ಎಷ್ಟೋ ಮಂದಿ. ಪಿತ್ತದ ಗಂಧೆ ಎಂದರು ಕೆಲವರು. ಬಾಣಂತಿಯ ಪಥ್ಯ ಕೆಟ್ಟುದೇ ಕಾರಣವೆಂದರು ಕೆಲವರು. ಒಬ್ಬರು ಬೇವಿನ ಎಲೆ ಅರೆದು ಹಚ್ಚಿರೆಂದರು. ಇನ್ನೊಬ್ಬರು ನೂಲು ಮಂತ್ರಿಸಿ ತಂದು ಕಟ್ಟಿದರು. ಕೊನೆಗೆ, ನಮ್ಮ ತುಳುನಾಡಿನಲ್ಲಿ ಚರ್ಮದ ಮೇಲೆ ಏನು ಎದ್ದರೂ ಬಾರದೆ ಇರದ ಮಾತು ಬಂತು: ನಾಗದೋಷ. ದೋಷವೇನೋ ಸರಿ, ಯಾವ ನಾಗನದು? ತಾಯಿಯ ಕಡೆಯ ಮೂಲಬನದ ನಾಗನದೋ, ತಂದೆಯ ಕಡೆಯದೋ? ಎರಡು ಮನೆಗಳ ಹಿರಿಯರೂ ಈ ಪ್ರಶ್ನೆಯನ್ನು ಎದುರುಬದುರು ಕುಳಿತು ಚರ್ಚಿಸಿದರು. ಅವರವರ ಬನಕ್ಕೆ ವರ್ಷಂಪ್ರತಿ ತಂಬಿಲ ನಡೆದಿದೆಯೆಂದು ಅವರವರು ಸಾಧಿಸಿದರು. ಒಂದು ಎಳೆಯ ಮಗುವಿನ ತುರಿಕೆ ಎರಡು ಕುಟುಂಬಗಳ ಮಾನದ ಪ್ರಶ್ನೆಯಾಗಿ ಹೋಯಿತು. ಮಗುವಿನ ತಾಯಿ ಮಾತ್ರ ಒಳಗಿನ ಕೋಣೆಯಲ್ಲಿ ಕುಳಿತು ಎರಡೂ ಕಡೆಯ ಮಾತು ಕೇಳಿಸಿಕೊಳ್ಳುತ್ತಿದ್ದಳು. ಅವಳ ಪರವಾಗಿ ವಾದಿಸಿದವರು ಯಾರೂ ಇರಲಿಲ್ಲ.

ನಾಗಾರಾಧನೆಯನ್ನು ನಿಂದಿಸುವುದು ನನ್ನ ಉದ್ದೇಶವಲ್ಲವೆಂದು ಇಲ್ಲಿಯೇ ಸ್ಪಷ್ಟಪಡಿಸುತ್ತೇನೆ. ಬನದ ಮುಂದೆ ಕೈಮುಗಿಯುವವರಲ್ಲಿ ನಾನೂ ಒಬ್ಬ. ಹಳೆಯ ನಾಗಬನಗಳು ಉಳಿದಿರುವ ಕಡೆಗಳಲ್ಲಿ ಅಷ್ಟಾದರೂ ಕಾಡು ಉಳಿದಿದೆ. ಆ ಪುಣ್ಯವೂ ಆ ಭಕ್ತಿಗೇ ಸಲ್ಲಬೇಕು. ಆದರೆ ಪೂಜೆ ಸಲ್ಲಿಸುವುದು ಒಂದು. ಪೂಜೆ ಸಲ್ಲಿಸಿದೆವೆಂದು ವೈದ್ಯರಲ್ಲಿಗೆ ಹೋಗದೆ ಕುಳಿತಿರುವುದು ಇನ್ನೊಂದು. ನಾವು ಹಾಗೆ ಕುಳಿತದ್ದು ಒಂದು ವರ್ಷಕ್ಕೂ ಮೇಲೆ.

ಊರವರ ಬಾಯಲ್ಲಿ ಗಟ್ಟಿಯಾಗಿ ಬಂದ ಮಾತುಗಳು ಇವು. ಮೆಲ್ಲಗೆ ಆಡಿದ ಮಾತು ಇನ್ನೊಂದಿತ್ತು: 'ದೊಡ್ಡ ರೋಗ' ಇರಬಹುದೇ? ಕುಷ್ಠವೆಂಬ ಹೆಸರನ್ನು ಬಾಯಿಬಿಟ್ಟು ಹೇಳಲು ಹೆದರಿ ನಮ್ಮ ಜನ ಇಟ್ಟುಕೊಂಡ ಹೆಸರು ಅದು. ಆ ಮಾತು ಹರಡಿದ ಮೇಲೆ ಮಗುವನ್ನು ಎತ್ತಿಕೊಳ್ಳಲು ಬರುತ್ತಿದ್ದ ಕೈಗಳು ಒಂದೊಂದಾಗಿ ಕಡಮೆಯಾದವು.

ಕಡೆಗೊಂದು ದಿನ ಮಗುವಿಗೆ ಒಂದೂವರೆ ವರ್ಷವಾಗಿದ್ದಾಗ, ಅಕ್ಕ ಯಾರನ್ನೂ ಕೇಳದೆ ನನ್ನನ್ನು ಕರೆದುಕೊಂಡು ಚರ್ಮರೋಗದ ವೈದ್ಯರಲ್ಲಿಗೆ ಹೋದಳು. ಆ ಹಿರಿಯ ವೈದ್ಯರು ಮಗುವನ್ನು ನೋಡಿದರು, ನಗಿಸಿದರು, ಬೆನ್ನಿನ ಮೇಲಿನ ಒಂದು ಮಚ್ಚೆಯನ್ನು ಪೆನ್ನಿನ ಮೊಂಡು ತುದಿಯಿಂದ ನಾಲ್ಕಾರು ಸಲ ಮೆಲ್ಲಗೆ ಉಜ್ಜಿದರು. ಅನಂತರ ಗಡಿಯಾರ ನೋಡುತ್ತ ಸುಮ್ಮನೆ ಕುಳಿತರು. ಕೆಲವೇ ನಿಮಿಷಗಳಲ್ಲಿ ಆ ಮಚ್ಚೆಯೊಂದೇ ಕೆಂಪಾಗಿ ಉಬ್ಬಿತು. ಪಕ್ಕದ ಚರ್ಮ ಹಾಗೆಯೇ ಇತ್ತು. ವೈದ್ಯರು ತಲೆದೂಗಿ ಹೇಳಿದರು: 'ನೋಡಿಯಮ್ಮ, ಇದು ಅಂಟುವ ರೋಗವಲ್ಲ. ನೀವು ಏನೂ ತಪ್ಪು ಮಾಡಿಲ್ಲ.' ಮೊದಲನೆಯ ಮಾತನ್ನು ಕೇಳಿ ಸುಮ್ಮನಿದ್ದ ನನ್ನ ಅಕ್ಕ ಎರಡನೆಯ ಮಾತಿಗೆ ಗೊಳೋ ಎಂದು ಅತ್ತುಬಿಟ್ಟಳು. ಹದಿಮೂರು ತಿಂಗಳಲ್ಲಿ ಅವಳಿಗೆ ಆ ಮಾತನ್ನು ಹೇಳಿದವರು ಅವರೊಬ್ಬರೇ.

ಅಂದು ವೈದ್ಯರು ಹೇಳಿದುದನ್ನೂ ಆಮೇಲೆ ನಾನು ಓದಿ ತಿಳಿದುದನ್ನೂ ಸಂಕ್ಷೇಪವಾಗಿ ಹೇಳುತ್ತೇನೆ. ಈ ರೋಗದ ಹೆಸರು ಮಾಸ್ಟೊಸೈಟೋಸಿಸ್. ಮಕ್ಕಳ ಮೈಮೇಲೆ ಕಂದು ಮಚ್ಚೆಗಳಾಗಿ ಕಾಣಿಸುವ ಇದರ ಬಗೆಗೆ ಅರ್ಟಿಕೇರಿಯಾ ಪಿಗ್ಮೆಂಟೋಸಾ ಎಂಬ ಹಳೆಯ ಹೆಸರೂ ಇದೆ. 'ಬಣ್ಣದ ಗಂಧೆ' ಎಂದು ನಾವು ಕರೆದುಕೊಳ್ಳಬಹುದು. ೧೮೬೯ರಲ್ಲಿ ಲಂಡನ್ನಿನ ನೆಟಲ್‌ಶಿಪ್ ಎಂಬ ವೈದ್ಯನು ಇದನ್ನು ಮೊತ್ತಮೊದಲು ವರ್ಣಿಸಿದನು. ಗಂಧೆಯಂತೆ ಎದ್ದು, ಗಂಧೆಯಂತೆ ಹೋಗದೆ ಕಂದು ಕಲೆಯನ್ನು ಉಳಿಸುವ ವಿಚಿತ್ರವನ್ನು ಆತನು ಕಂಡಿದ್ದನು. ಹೆಸರಿಟ್ಟವನು ೧೮೭೮ರಲ್ಲಿ ಸ್ಯಾಂಗ್‌ಸ್ಟರ್ ಎಂಬವನು.

ಅದೇ ೧೮೭೮ರಲ್ಲಿ ಜರ್ಮನಿಯಲ್ಲಿ ಇನ್ನೊಂದು ಸಂಗತಿ ನಡೆಯಿತು. ವಿದ್ಯಾರ್ಥಿಗಳಾದ ನಮಗೆ ಇದು ವಿಶೇಷವಾಗಿ ಸ್ವಾರಸ್ಯಕರವಾದುದು. ಪೌಲ್ ಎರ್ಲಿಖ್ ಎಂಬ ಇಪ್ಪತ್ತನಾಲ್ಕು ವರ್ಷದ ವೈದ್ಯಕೀಯ ವಿದ್ಯಾರ್ಥಿ ಬಟ್ಟೆಗೆ ಹಾಕುವ ಬಣ್ಣಗಳನ್ನು ಶರೀರದ ಜೀವಕೋಶಗಳಿಗೆ ಹಾಕಿ, ಯಾವುದು ಯಾವ ಬಣ್ಣವನ್ನು ಹಿಡಿಯುತ್ತದೆಂದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದನು. ಕೆಲವು ಕೋಶಗಳ ಹೊಟ್ಟೆಯ ತುಂಬ ಕಾಳು ಕಾಳಾಗಿ ಏನೋ ತುಂಬಿದ್ದುದನ್ನು ಕಂಡನು. ಇವು ಚೆನ್ನಾಗಿ ಉಂಡು ಕೊಬ್ಬಿದ ಕೋಶಗಳಿರಬೇಕೆಂದು ಭಾವಿಸಿ, ಆ ಅರ್ಥ ಬರುವ ಜರ್ಮನ್ ಶಬ್ದದಿಂದ 'ಮಾಸ್ಟ್ ಕೋಶ' ಎಂದು ತನ್ನ ಪ್ರಬಂಧದಲ್ಲಿ ಬರೆದನು. ಊಹೆ ತಪ್ಪಾಗಿತ್ತು; ಹೆಸರು ಉಳಿಯಿತು. ಆ ವಿದ್ಯಾರ್ಥಿಯೇ ಮುಂದೆ ೧೯೦೮ರಲ್ಲಿ ನೊಬೆಲ್ ಬಹುಮಾನವನ್ನು ಪಡೆದನು. ಬಣ್ಣದ ಗಂಧೆಯ ಮಚ್ಚೆಗಳಲ್ಲಿ ಕಿಕ್ಕಿರಿದಿರುವುದು ಇದೇ ಮಾಸ್ಟ್ ಕೋಶಗಳೆಂದು ೧೮೮೭ರಲ್ಲಿ ಊನಾ ಎಂಬ ಚರ್ಮವೈದ್ಯನು ತೋರಿಸಿಕೊಟ್ಟನು. ಆ ಕಾಳುಗಳಲ್ಲಿ ಹಿಸ್ಟಮಿನ್ ಎಂಬ ವಸ್ತು ಇದೆಯೆಂದು ರೈಲಿ ಮತ್ತು ವೆಸ್ಟ್ ಎಂಬವರು ಸಾಧಿಸಿದ್ದು ೧೯೫೩ರಲ್ಲಿ. ನಮ್ಮ ವೈದ್ಯರು ಪೆನ್ನಿನಿಂದ ಮಾಡಿದ ಪರೀಕ್ಷೆಗೆ ದಾರಿಯೆ ಎಂಬ ಫ್ರೆಂಚ್ ಚರ್ಮವೈದ್ಯನ ಹೆಸರಿದೆ. ಯಂತ್ರ ಬೇಡ, ಹಣ ಬೇಡ. ಒಂದು ಪೆನ್ನು, ಐದು ನಿಮಿಷ, ತಿಳಿದ ಕಣ್ಣು ಇದ್ದರೆ ಸಾಕು. ಸಂದೇಹವಿದ್ದರೆ ಚರ್ಮದ ಒಂದು ಚೂರನ್ನು ತೆಗೆದು ಪರೀಕ್ಷಿಸುವ ಮಾರ್ಗವೂ ಇದೆ.

ಮಾಸ್ಟ್ ಕೋಶಗಳು ಶತ್ರುಗಳಲ್ಲ. ಅವು ನಮ್ಮೆಲ್ಲರ ಚರ್ಮದಲ್ಲಿಯೂ ಕರುಳಿನಲ್ಲಿಯೂ ಇವೆ. ಅವುಗಳನ್ನು ಶರೀರದ ಗೂರ್ಖರೆನ್ನಬಹುದು. ಹೊರಗಿನಿಂದ ವಿಷವೋ ಕ್ರಿಮಿಯೋ ಬಂದಾಗ ಹಿಸ್ಟಮಿನ್ ಮೊದಲಾದ ವಸ್ತುಗಳನ್ನು ಹೊರಚೆಲ್ಲಿ ಸೀಟಿ ಊದುವುದು ಅವುಗಳ ಕೆಲಸ. ಬೀದಿಗೆ ಒಬ್ಬ ಗೂರ್ಖನಿದ್ದರೆ ಜನ ನೆಮ್ಮದಿಯಾಗಿ ಮಲಗಬಹುದು. ಒಂದೇ ಮನೆಯ ಬಾಗಿಲಲ್ಲಿ ನೂರು ಮಂದಿ ನಿಂತು, ಬೆಕ್ಕು ಹಾದುಹೋದರೂ ಎಲ್ಲರೂ ಒಟ್ಟಿಗೆ ಸೀಟಿ ಊದಿದರೆ? ಮಾಸ್ಟೊಸೈಟೋಸಿಸ್ ಎಂದರೆ ಇದೇ. ಬಿಸಿನೀರು, ಉಜ್ಜುವಿಕೆ, ಸೆಕೆ, ಕೆಲವೊಮ್ಮೆ ಚಳಿ, ಅಳು, ಆಯಾಸ ಇಂಥ ಸಣ್ಣ ಕಾರಣಗಳಿಗೇ ಆ ಕೋಶಗಳು ತಮ್ಮ ಚೀಲವನ್ನು ಬಿಚ್ಚಿ ಸುರಿಯುತ್ತವೆ. ಚರ್ಮ ಉಬ್ಬುತ್ತದೆ, ತುರಿಸುತ್ತದೆ. ಮುಖ ಕೆಂಪೇರಬಹುದು, ಹೊಟ್ಟೆನೋವು ಭೇದಿಗಳೂ ಆಗಬಹುದು.

ಗೂರ್ಖರ ಸಂಖ್ಯೆ ಹೀಗೆ ಹೆಚ್ಚಿದ್ದೇಕೆ? ಮಾಸ್ಟ್ ಕೋಶಗಳು ಎಷ್ಟು ಬೆಳೆಯಬೇಕೆಂದು ಹೇಳುವ 'ಕಿಟ್' ಎಂಬ ಜೀನು ಒಂದಿದೆ. ಬಹುಮಂದಿ ರೋಗಿಗಳಲ್ಲಿ ಈ ಜೀನಿನಲ್ಲಿ ಒಂದು ಅಕ್ಷರದೋಷವಾಗಿರುತ್ತದೆ. ೧೯೯೦ರ ದಶಕದಲ್ಲಿ ವಿಜ್ಞಾನಿಗಳು ಇದನ್ನು ಕಂಡುಹಿಡಿದರು. ಮುದ್ರಣಾಲಯದಲ್ಲಿ ಅಕ್ಷರ ಜೋಡಿಸುವಾಗ ನುಸುಳುವ ತಪ್ಪಿನಂಥದು ಇದು. ಕೆಲವೇ ಕೆಲವು ಕುಟುಂಬಗಳನ್ನು ಬಿಟ್ಟರೆ ಈ ತಪ್ಪು ತಾಯಿಯಿಂದ ಬಂದುದೂ ಅಲ್ಲ, ತಂದೆಯಿಂದ ಬಂದುದೂ ಅಲ್ಲ. ಮಗುವಿನ ಶರೀರ ರೂಪುಗೊಳ್ಳುವಾಗ ತಾನಾಗಿ ಆದುದು. ತಾಯಿ ತಿಂದ ಬದನೆಕಾಯಿ, ನೋಡಿದ ಗ್ರಹಣ, ಮರೆತ ತಂಬಿಲ ಇವು ಯಾವುವೂ ಆ ಅಕ್ಷರವನ್ನು ತಿದ್ದಲಾರವು, ಕೆಡಿಸಲಾರವು. ಎರಡು ಮನೆಗಳ ಹಿರಿಯರು ವರ್ಷಪೂರ್ತಿ ನಡೆಸಿದ ವ್ಯಾಜ್ಯದಲ್ಲಿ ಇಬ್ಬರೂ ನಿರ್ದೋಷಿಗಳು!

ಇಲ್ಲಿ ನನ್ನ ಮಿತ್ರರು ಒಂದು ಆಕ್ಷೇಪವನ್ನು ಎತ್ತಬಹುದು: 'ಇದು ಅಪರೂಪದ ರೋಗ. ಎಷ್ಟು ಮಂದಿಗೆ ಬಂದೀತು? ಇದಕ್ಕಾಗಿ ವಾರ್ಷಿಕ ಸಂಚಿಕೆಯ ಪುಟಗಳನ್ನು ತುಂಬಬೇಕೆ?' ಅಪರೂಪವೇನೋ ಹೌದು. ಯುರೋಪಿನ ಅಂದಾಜು ಹತ್ತು ಸಾವಿರಕ್ಕೆ ಒಬ್ಬರಂತೆ ಬರುತ್ತದೆ. ನಮ್ಮ ನಗರದ ಜನಸಂಖ್ಯೆ ಐದು ಲಕ್ಷದ ಆಸುಪಾಸಿನದು. ಅದೇ ಲೆಕ್ಕವನ್ನು ಇಲ್ಲಿಗೆ ಹಿಡಿದರೆ ಸುಮಾರು ಐವತ್ತು ಮಂದಿ. ಐವತ್ತು ಮಂದಿಯೆಂದರೆ ನಮ್ಮ ಒಂದು ತರಗತಿಯಷ್ಟು ಜನ. ಅವರೆಲ್ಲ ಎಲ್ಲಿದ್ದಾರೆ? ಎಷ್ಟು ಜನರ ರೋಗಕ್ಕೆ ಸರಿಯಾದ ಹೆಸರು ಸಿಕ್ಕಿದೆ? ಎಷ್ಟು ಜನ ಒಳಗಿನ ಕೋಣೆಯಲ್ಲಿದ್ದಾರೆ? ರೋಗ ಅಪರೂಪವಾದಷ್ಟೂ ಅದನ್ನು ಕುರಿತು ಆಡಿಕೊಳ್ಳುವವರ ಅಜ್ಞಾನ ಸಾಮಾನ್ಯವಾಗಿರುತ್ತದೆ. ಇದೇ ಅಪರೂಪದ ರೋಗಿಯ ನಿಜವಾದ ಕಷ್ಟ. ಜ್ವರ ಬಂದವನನ್ನು ಕಂಡರೆ 'ಪಾಪ, ಜ್ವರ' ಎನ್ನುತ್ತೇವೆ. ಹೆಸರಿಲ್ಲದ ಮಚ್ಚೆಯವನನ್ನು ಕಂಡರೆ ಒಂದು ಹೆಜ್ಜೆ ಹಿಂದೆ ಸರಿಯುತ್ತೇವೆ.

ಹೆಸರು ತಿಳಿಯುವುದರಿಂದ ಎಷ್ಟು ಪ್ರಯೋಜನವಾಗುತ್ತದೆಂಬುದನ್ನು ನಮ್ಮ ಮನೆಯಲ್ಲಿ ಕಂಡೆವು. ಬಿಸಿನೀರು ಹೋಗಿ ಉಗುರುಬೆಚ್ಚಗಿನ ನೀರು ಬಂತು. ತಿಕ್ಕುವ ಬೈರಾಸು ಹೋಗಿ ಮೆತ್ತನೆಯ ಹಳೆಯ ಪಂಚೆ ಬಂತು. ಹಿಸ್ಟಮಿನ್ನಿನ ಕೆಲಸವನ್ನು ತಡೆಯುವ ಔಷಧಿ ಬಂತು. ಮಗು ರಾತ್ರಿ ನಿದ್ರಿಸಿತು; ತಾಯಿಯೂ ನಿದ್ರಿಸಿದಳು. ಮಕ್ಕಳಲ್ಲಿ ಈ ರೋಗ ಹೆಚ್ಚಾಗಿ ಎರಡು ವರ್ಷದೊಳಗೆ ಕಾಣಿಸಿಕೊಳ್ಳುತ್ತದೆಂದೂ, ಬಹುಪಾಲು ಮಕ್ಕಳಲ್ಲಿ ಪ್ರಾಯಕ್ಕೆ ಬರುವ ಹೊತ್ತಿಗೆ ತಾನಾಗಿ ಕಡಮೆಯಾಗುತ್ತದೆ ಅಥವಾ ಮಾಯವಾಗುತ್ತದೆಂದೂ ವೈದ್ಯರು ಧೈರ್ಯ ಹೇಳಿದರು.

ಆದರೆ ಧೈರ್ಯದ ಜೊತೆಗೆ ಎಚ್ಚರಿಕೆಯನ್ನೂ ಹೇಳಿದರು. 'ಏನೂ ಆಗುವುದಿಲ್ಲ, ಬಿಡಿ' ಎನ್ನುವ ಉದಾಸೀನ ಕೂಡ ಹೆದರಿಕೆಯಷ್ಟೇ ಕೆಟ್ಟದ್ದು. ಈ ರೋಗವಿರುವವರಿಗೆ ಜೇನುನೊಣವೋ ಕಡಜವೋ ಕಚ್ಚಿದರೆ ಮೈಯೆಲ್ಲ ಒಮ್ಮೆಗೇ ಪ್ರತಿಕ್ರಿಯಿಸಿ ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಅಪಾಯ ಬರಬಹುದು. ಕೆಲವರಿಗೆ ಆಸ್ಪಿರಿನ್‌ನಂಥ ನೋವಿನ ಮಾತ್ರೆ ಒಗ್ಗುವುದಿಲ್ಲ. ಕೊಡೀನ್ ಇರುವ ಕೆಮ್ಮಿನ ಔಷಧಿ ಒಗ್ಗುವುದಿಲ್ಲ. ಶಸ್ತ್ರಚಿಕಿತ್ಸೆಗೆ ಮೊದಲು ಅರಿವಳಿಕೆ ಕೊಡುವ ವೈದ್ಯರಿಗೆ ಈ ವಿಷಯವನ್ನು ತಪ್ಪದೆ ತಿಳಿಸಬೇಕು. ಅಪಾಯ ಬಂದಾಗ ಅಡ್ರಿನಲಿನ್ ಚುಚ್ಚುಮದ್ದು ಜೀವರಕ್ಷಕ. ದೊಡ್ಡವರಾದ ಮೇಲೆ ಮಚ್ಚೆ ಕಾಣಿಸಿಕೊಂಡರೆ ಅದು ಸಾಮಾನ್ಯವಾಗಿ ತಾನಾಗಿ ಹೋಗುವುದಿಲ್ಲ. ಅವರಲ್ಲಿ ಈ ಕೋಶಗಳು ಅಸ್ಥಿಮಜ್ಜೆಯಲ್ಲಿಯೂ ಹೆಚ್ಚಿರುವುದುಂಟು. ಆದುದರಿಂದ ರಕ್ತದಲ್ಲಿ ಟ್ರಿಪ್ಟೇಸ್ ಎಂಬ ವಸ್ತುವಿನ ಪ್ರಮಾಣವನ್ನೂ, ಬೇಕಾದರೆ ಮಜ್ಜೆಯನ್ನೂ ಪರೀಕ್ಷಿಸುತ್ತಾರೆ. ಒಳ ಅವಯವಗಳನ್ನು ಕೆಡಿಸುವ ತೀವ್ರ ಬಗೆಗೆ ಆ ಕೆಟ್ಟ ಜೀನಿನ ಕೆಲಸವನ್ನೇ ತಡೆಯುವ ಔಷಧಿಗಳಿಗೆ ಅಮೆರಿಕೆಯಲ್ಲಿ ೨೦೧೭ರಲ್ಲಿಯೂ ೨೦೨೧ರಲ್ಲಿಯೂ ಮಂಜೂರಾತಿ ದೊರೆಯಿತು. ನಮ್ಮ ಮಗುವಿನ ಜೇಬಿನಲ್ಲಿ ಈಗ ಒಂದು ಚೀಟಿ ಇರುತ್ತದೆ: ರೋಗದ ಹೆಸರು, ಕೊಡಬಾರದ ಔಷಧಿಗಳು, ಮನೆಯವರ ದೂರವಾಣಿ. ಮಂತ್ರಿಸಿದ ನೂಲು ಇದ್ದ ಕೈಗೆ ಈ ಚೀಟಿಯೇ ಈಗ ರಕ್ಷೆ.

ಕಥೆ ಇಲ್ಲಿಗೆ ಮುಗಿದಿದ್ದರೆ ನಾನು ಈ ಲೇಖನವನ್ನು ಬರೆಯುತ್ತಿರಲಿಲ್ಲ. ಮಗುವಿಗೆ ಮೂರು ವರ್ಷವಾದಾಗ ಒಂದು ಶಿಶುವಿಹಾರಕ್ಕೆ ಸೇರಿಸಿದೆವು. ಎರಡನೆಯ ದಿನವೇ 'ಸೀತಾಳೆ ಸಿಡುಬಿನ ಮಗುವನ್ನು ಕಳುಹಿಸಬೇಡಿ' ಎಂದು ಹಿಂದಕ್ಕೆ ಕಳುಹಿಸಿದರು. ವೈದ್ಯರ ಪತ್ರವನ್ನು ಒಯ್ದು ತೋರಿಸಿದೆವು. ಅಲ್ಲಿನವರು ಕೆಟ್ಟವರಲ್ಲ, ಪತ್ರವನ್ನು ಓದಿದರು, ಒಪ್ಪಿದರು. ಆದರೂ 'ಬೇರೆ ಮಕ್ಕಳ ತಾಯಂದಿರು ಕೇಳುತ್ತಾರೆ. ತುಂಬುತೋಳಿನ ಅಂಗಿ, ಉದ್ದ ಚಡ್ಡಿ ಹಾಕಿ ಕಳುಹಿಸಿ' ಎಂದರು. ನಾವೂ ಒಪ್ಪಿದೆವು. ಒಪ್ಪಿದ್ದು ನಮ್ಮ ತಪ್ಪು.

ಮಂಗಳೂರಿನ ಸೆಕೆ ಹೇಗಿರುತ್ತದೆಂದು ಈ ಸಂಚಿಕೆಯ ವಾಚಕರಿಗೆ ವರ್ಣಿಸಬೇಕಾದುದಿಲ್ಲ. ಮಾರ್ಚಿ ತಿಂಗಳು. ಕತ್ತಿನವರೆಗೆ ಗುಂಡಿ ಹಾಕಿದ ತುಂಬುತೋಳಿನ ಅಂಗಿಯೊಳಗೆ ಮೂರು ವರ್ಷದ ಮಗು. ಬೆವರು, ಬಿಸಿ, ಬಟ್ಟೆಯ ತಿಕ್ಕಾಟ. ಮಾಸ್ಟ್ ಕೋಶಗಳನ್ನು ಕೆರಳಿಸಲು ಬೇಕಾದುದೆಲ್ಲವನ್ನೂ ಒಂದೇ ಅಂಗಿಯಲ್ಲಿ ಹೊಲಿದು ತೊಡಿಸಿದ್ದೆವು! ಮಧ್ಯಾಹ್ನ ಮನೆಗೆ ಬಂದಾಗ ಅಂಗಿ ಬಿಚ್ಚಿದರೆ ಬೆನ್ನೆಲ್ಲ ಉಬ್ಬಿ ಕೆಂಪಾಗಿರುತ್ತಿತ್ತು. ಔಷಧಿಯ ಪ್ರಮಾಣ ಸಾಲದೆಂದು ವೈದ್ಯರಲ್ಲಿಗೆ ಹೋದೆವು. ಅವರು ಮಗುವನ್ನು ನೋಡುವ ಮೊದಲೇ ಅಂಗಿಯನ್ನು ನೋಡಿದರು. 'ಈ ಸೆಕೆಯಲ್ಲಿ ಇದೇಕಮ್ಮ?' ಅಕ್ಕ ಕಾರಣ ಹೇಳಿದಳು. ವೈದ್ಯರು ಸ್ವಲ್ಪ ಹೊತ್ತು ಸುಮ್ಮನಿದ್ದು, 'ಔಷಧಿ ಬದಲಿಸುವುದು ಬೇಡ. ಅಂಗಿ ಬದಲಿಸಿ' ಎಂದರು.

ಈ ಲೇಖನದ ತಾತ್ಪರ್ಯವೆಲ್ಲ ಆ ಒಂದು ಮಾತಿನಲ್ಲಿದೆ. ನೆರೆಹೊರೆಯವರ ಅಂಜಿಕೆ ಕೇವಲ ಮನಸ್ಸಿಗೆ ನೋವು ಕೊಡುವ ಸಂಗತಿಯೆಂದು ನಾವು ತಿಳಿದಿರುತ್ತೇವೆ. ಈ ರೋಗದಲ್ಲಿ ಅದು ಮೈಗೇ ನೋವು ಕೊಡುತ್ತದೆ. ನಾವು ನೋಡುವ ಕೆಟ್ಟ ನೋಟಕ್ಕೆ ಹೆದರಿ ತಾಯಿ ಮಗುವನ್ನು ಮುಚ್ಚುತ್ತಾಳೆ. ಮುಚ್ಚಿದುದರಿಂದ ರೋಗ ಕೆರಳುತ್ತದೆ. ಕೆರಳಿದ ರೋಗವನ್ನು ಕಂಡು ನಾವು ಮತ್ತಷ್ಟು ಹೆದರುತ್ತೇವೆ. ನಮ್ಮ ಅಜ್ಞಾನ ಅಲ್ಲಿ ದದ್ದಾಗಿ ಏಳುತ್ತದೆ. ಕಣ್ಣು ಬೀಳುವುದೆಂದರೆ ಇದೇ ಇರಬೇಕು.

ಇನ್ನೊಂದು ವಿಷಯವನ್ನು ನಾಚಿಕೆಯಿಂದ ಒಪ್ಪಿಕೊಳ್ಳಬೇಕಾಗಿದೆ. 'ಇದು ದೊಡ್ಡ ರೋಗವಲ್ಲ' ಎಂದು ವೈದ್ಯರು ಹೇಳಿದ ದಿನ ನಾವೆಲ್ಲ ನಿಟ್ಟುಸಿರು ಬಿಟ್ಟೆವು. ಅದನ್ನು ಬೀದಿಯಲ್ಲೆಲ್ಲ ಸಾರಿದೆವು. ಆಮೇಲೆ ಯೋಚಿಸಿದಾಗ ಆ ನಿಟ್ಟುಸಿರಿನಲ್ಲಿಯೂ ಒಂದು ಅನ್ಯಾಯವಿದ್ದಿತೆಂದು ನನಗೆ ತೋರಿತು. ಒಂದು ವೇಳೆ ಅದೇ ಆಗಿದ್ದರೆ? ಆಗ ಜನ ದೂರ ಸರಿದುದು ನ್ಯಾಯವಾಗುತ್ತಿತ್ತೆ? ಕುಷ್ಠದ ಕ್ರಿಮಿಯನ್ನು ಹ್ಯಾನ್ಸೆನ್ ೧೮೭೩ರಲ್ಲಿಯೇ ಕಂಡುಹಿಡಿದನು. ಅದು ಸುಲಭವಾಗಿ ಅಂಟುವ ರೋಗವಲ್ಲ. ಸ್ಪರ್ಶಜ್ಞಾನ ಕುಂದಿದ ಮಚ್ಚೆ ಅದರ ಮುಖ್ಯ ಗುರುತು. ೧೯೮೦ರ ದಶಕದಿಂದ ಬಹುವಿಧ ಔಷಧಿಗಳ ಚಿಕಿತ್ಸೆಯಿಂದ ಅದು ಪೂರ್ಣವಾಗಿ ಗುಣವಾಗುತ್ತದೆ. ಸರಕಾರ ಆ ಔಷಧಿಯನ್ನು ಉಚಿತವಾಗಿ ಕೊಡುತ್ತದೆ. ಹೀಗಿದ್ದರೂ ೧೮೯೮ರ ಕುಷ್ಠರೋಗಿಗಳ ಕಾಯಿದೆ ನಮ್ಮ ದೇಶದ ಪುಸ್ತಕಗಳಿಂದ ಹೋದುದು ೨೦೧೬ರಲ್ಲಿ. ಕುಷ್ಠವನ್ನು ಕಾರಣವಾಗಿ ತೋರಿಸಿ ವಿವಾಹವಿಚ್ಛೇದನ ಪಡೆಯಬಹುದೆಂಬ ವಿಧಿ ಹೋದುದು ೨೦೧೯ರಲ್ಲಿ. ಔಷಧಿ ಬಂದು ಮೂರು ದಶಕಗಳಾದ ಮೇಲೆ ಕಾನೂನು ಬದಲಾಯಿತು. ಮನಸ್ಸು ಬದಲಾಗಲು ಇನ್ನೆಷ್ಟು ಕಾಲ ಬೇಕು? ನಮ್ಮ ಮಗುವಿಗೆ ಕುಷ್ಠವಿಲ್ಲ ಎಂಬುದರಿಂದ ಅದಕ್ಕೆ ಆದರ ಸಿಗಬೇಕೆಂದು ನಾನು ವಾದಿಸಿದರೆ, ಕುಷ್ಠವಿರುವ ಇನ್ನೊಂದು ಮಗುವನ್ನು ನಾನೇ ಹೊರಗೆ ನಿಲ್ಲಿಸಿದಂತಾಗುತ್ತದೆ. ಆ ವಾದ ನನಗೆ ಬೇಡ.

ಈ ಊರಿನಲ್ಲಿ ಹಾಗೆ ವಾದಿಸದ ಒಬ್ಬರು ಹಿಂದೆಯೇ ಇದ್ದರು. ಜರ್ಮನಿಯಿಂದ ಬಂದ ಪಾದ್ರಿ ಮುಲ್ಲರ್ ೧೮೮೦ರಲ್ಲಿ ಕಂಕನಾಡಿಯಲ್ಲಿ ಬಡವರಿಗಾಗಿ ಔಷಧಾಲಯವನ್ನು ತೆರೆದರು. ಹತ್ತು ವರ್ಷಗಳ ಬಳಿಕ, ೧೮೯೦ರಲ್ಲಿ, ಮನೆಯವರೂ ಕೈಬಿಟ್ಟ ಕುಷ್ಠರೋಗಿಗಳಿಗೆ ಆಶ್ರಯವನ್ನು ಕಟ್ಟಿದರು. ರೋಗಕ್ಕೆ ಔಷಧಿಯೇ ಇಲ್ಲದಿದ್ದ ಕಾಲದಲ್ಲಿ ಅವರು ಕೊಟ್ಟದ್ದರಲ್ಲಿ ಔಷಧಿಗಿಂತ ಹೆಚ್ಚಿನದು ಆಶ್ರಯವೇ. ಔಷಧಿ ಇರುವ ಕಾಲದಲ್ಲಿರುವ ನಾವು ಅಷ್ಟನ್ನೂ ಕೊಡಲಾರೆವೆ?

ನನ್ನ ಕುದ್ರೋಳಿಗೂ ಈ ವಿಷಯದಲ್ಲಿ ಹೇಳಿಕೊಳ್ಳಬಹುದಾದ ಚರಿತ್ರೆಯಿದೆ. ಯಾರ ಸ್ಪರ್ಶವೂ ನೆರಳೂ ಮೈಲಿಗೆಯೆಂದು ದೇವಾಲಯಗಳ ಹೊರಗೆ ನಿಲ್ಲಿಸಲ್ಪಟ್ಟಿದ್ದರೋ ಆ ಜನರಿಗಾಗಿ ಶ್ರೀ ನಾರಾಯಣ ಗುರುಗಳು ೧೯೧೨ರಲ್ಲಿ ಇಲ್ಲಿ ಗೋಕರ್ಣನಾಥನನ್ನು ಪ್ರತಿಷ್ಠಾಪಿಸಿದರು. ೨೦೧೩ರಲ್ಲಿ ಅದೇ ದೇವಾಲಯದಲ್ಲಿ ಇಬ್ಬರು ವಿಧವೆಯರನ್ನು ಅರ್ಚಕರನ್ನಾಗಿ ಮಾಡಿದರು. ಅಮಂಗಳವೆಂದು ಲೋಕ ದೂರ ಇಟ್ಟಿದ್ದ ಕೈಗಳಿಂದ ಆರತಿ ಎತ್ತಿಸಿದರು. 'ಮುಟ್ಟಬೇಡ' ಎಂಬ ಮಾತು ಎಷ್ಟು ಆಳವಾಗಿ ನಾಟುತ್ತದೆಂದು ನಮ್ಮ ಅಜ್ಜಂದಿರು ಬಲ್ಲರು. ಆ ಅಜ್ಜಂದಿರ ಮೊಮ್ಮಕ್ಕಳಾದ ನಾವೇ ಮಚ್ಚೆ ಇರುವ ಮಗುವನ್ನು ಕಂಡು ಕೈ ಹಿಂದೆಗೆದರೆ, ನೂರು ವರ್ಷಗಳ ಹಿಂದೆ ಕಲಿತ ಪಾಠವನ್ನು ಮರೆತಂತಲ್ಲವೆ? ಜಾತಿಯ ಅಸ್ಪೃಶ್ಯತೆಯನ್ನು ಬಾಗಿಲಿನಿಂದ ಹೊರಗೆ ಹಾಕಿ, ಚರ್ಮದ ಅಸ್ಪೃಶ್ಯತೆಯನ್ನು ಕಿಟಕಿಯಿಂದ ಒಳಗೆ ಕರೆದಂತಲ್ಲವೆ?

ಹಾಗಾದರೆ ನಾವು ಮಾಡಬೇಕಾದುದೇನು? ದೊಡ್ಡ ಯೋಜನೆಗಳನ್ನು ನಾನು ಸೂಚಿಸಲಾರೆ. ನಮ್ಮ ಕೈಗೆ ಎಟುಕುವ ನಾಲ್ಕು ಮಾತುಗಳಿವೆ. ಮೊದಲನೆಯದಾಗಿ, ವೈದ್ಯರಲ್ಲದ ನಾವು ಯಾರ ಮೈಮೇಲಿನ ಗುರುತಿಗೂ ರೋಗದ ಹೆಸರಿಡಬಾರದು. ಎರಡನೆಯದಾಗಿ, ಹೋಗದೆ ಉಳಿದ ಮಚ್ಚೆಯನ್ನು ಕಂಡರೆ ಗುಸುಗುಸು ಮಾತನಾಡುವುದನ್ನು ಬಿಟ್ಟು 'ವೆನ್‌ಲಾಕಿಗೆ ಒಮ್ಮೆ ತೋರಿಸಿ' ಎಂದು ನೇರವಾಗಿ, ಮೆಲ್ಲಗೆ ಹೇಳಬೇಕು. ೧೮೪೮ರಿಂದ ಈ ಜಿಲ್ಲೆಯ ಬಡವರ ಪಾಲಿಗೆ ಇರುವ ಸರಕಾರಿ ಆಸ್ಪತ್ರೆ ಅದು. ನಮ್ಮ ಕಾಲೇಜಿನ ಎಷ್ಟೋ ವಿದ್ಯಾರ್ಥಿಗಳು ಹುಟ್ಟಿದ್ದೂ ಅಲ್ಲಿಯೇ. ಮೂರನೆಯದಾಗಿ, ತಾಯಿಯನ್ನು ದೂರಬಾರದು. ಪಥ್ಯ, ಗ್ರಹಣ, ದೋಷ ಎಂಬ ಮಾತುಗಳು ನಮ್ಮ ಬಾಯಿಯಿಂದ ಹೊರಡುವ ಮೊದಲು ಒಳಗಿನ ಕೋಣೆಯಲ್ಲಿ ಕುಳಿತವಳನ್ನು ನೆನೆಯಬೇಕು. ನಾಲ್ಕನೆಯ ಮಾತು ನಮ್ಮಲ್ಲಿ ಮುಂದೆ ಉಪಾಧ್ಯಾಯರಾಗಲಿರುವವರಿಗೆ; ಕಲಾ ಕಾಲೇಜಿನಲ್ಲಿ ಅವರ ಸಂಖ್ಯೆ ಕಡಮೆಯೇನಲ್ಲ. ನಾಳೆ ನಿಮ್ಮ ತರಗತಿಗೆ ಇಂಥ ಮಗು ಬಂದರೆ ತುಂಬುತೋಳಿನ ಅಂಗಿಯನ್ನು ಕೇಳಬೇಡಿ. ಉಳಿದ ಮಕ್ಕಳಿಗೆ ಎರಡು ಮಾತಿನಲ್ಲಿ ತಿಳಿಸಿ ಹೇಳಿ. ಮಕ್ಕಳು ನಮಗಿಂತ ಬೇಗ ಅರ್ಥ ಮಾಡಿಕೊಳ್ಳುತ್ತಾರೆ.

ಇದಕ್ಕೆ ನನ್ನಲ್ಲಿ ಸಾಕ್ಷಿಯಿದೆ. ಅಂಗಿ ಬದಲಿಸಿದ ಮೇಲೆ ಅಕ್ಕ ಗಟ್ಟಿಮನಸ್ಸು ಮಾಡಿ ಮಗನನ್ನು ತೋಳಿಲ್ಲದ ತೆಳು ಹತ್ತಿಯ ಬನಿಯನ್ನಿನಲ್ಲಿಯೇ ಶಿಶುವಿಹಾರಕ್ಕೆ ಕಳುಹಿಸಿದಳು. ಒಂದು ವಾರ ತಾಯಂದಿರು ಕೇಳಿದರು; ಅಕ್ಕ ಪ್ರತಿಯೊಬ್ಬರಿಗೂ ಉತ್ತರ ಹೇಳಿದಳು. ಎರಡನೆಯ ವಾರ ಕೇಳುವವರು ಕಡಮೆಯಾದರು. ಮಕ್ಕಳಂತೂ ಮೊದಲ ದಿನವೇ ಅವನ ಮಚ್ಚೆಗಳನ್ನು ಎಣಿಸಿ, ಎಣಿಕೆ ತಪ್ಪಿ, ಆಟಕ್ಕೆ ಓಡಿದರು. ಅವನಿಗೆ ಈಗ ಐದು ವರ್ಷ. ಕೆಲವು ಮಚ್ಚೆಗಳು ಮಾಸತೊಡಗಿವೆ. ಕೆಲವು ಹಾಗೆಯೇ ಇವೆ. ಕಳೆದ ದಸರೆಯ ರಾತ್ರಿ ದೀಪಗಳ ನಡುವೆ ಅವನು ನನ್ನ ಹೆಗಲ ಮೇಲೆ ಕುಳಿತು ಮೆರವಣಿಗೆ ನೋಡಿದನು. ಹುಲಿವೇಷದವರು ಹತ್ತಿರ ಬಂದಾಗ ಅವರ ಮೈಮೇಲಿನ ಕಪ್ಪು ಪಟ್ಟೆಗಳನ್ನೂ ಚುಕ್ಕೆಗಳನ್ನೂ ಬೆರಗಿನಿಂದ ನೋಡಿ, ತನ್ನ ಬರಿಯ ತೋಳನ್ನು ಚಾಚಿ, 'ಮಾಮ, ನನಗೂ ಉಂಟು' ಎಂದನು.

ಆ ಮಗುವಿಗೆ ತನ್ನ ಮೈ ಇನ್ನೂ ನಾಚಿಕೆಯ ವಸ್ತುವಾಗಿಲ್ಲ. ಆಗದಂತೆ ನೋಡಿಕೊಳ್ಳುವುದು ವೈದ್ಯರ ಕೈಯಲ್ಲಿಲ್ಲ, ನಮ್ಮ ಕೈಯಲ್ಲಿದೆ. ಮೈಯ ಮಚ್ಚೆ ಬಹುಶಃ ಕಾಲಕ್ರಮದಲ್ಲಿ ತಾನಾಗಿ ಮಾಸೀತು. ಮನದ ಮಚ್ಚೆಯನ್ನು ಮಾತ್ರ ನಾವೇ ತೊಳೆದುಕೊಳ್ಳಬೇಕು.